ಯುದ್ಧ ಮುಗಿದ ಮೇಲೆ ಹೆಸರು ಎಲ್ಲಿ ಉಳಿಯುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡಪ್ಪ ಎಂಇಜಿಯಲ್ಲಿ, ಅಂದ್ರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, ಹವಾಲ್ದಾರ್ ಆಗಿದ್ದವರು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದರು. ಅಷ್ಟು ಮಾತ್ರ ನಮಗೆ ಗೊತ್ತಿತ್ತು, ಯಾಕಂದ್ರೆ ಅದಕ್ಕಿಂತ ಜಾಸ್ತಿ ಅವರು ಯಾವತ್ತೂ ಹೇಳಲಿಲ್ಲ. ತೀರಿಕೊಂಡ ಮೇಲೆ ಅವರ ಕಪ್ಪು ಟ್ರಂಕು ನಮ್ಮನೆಗೆ ಬಂತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಒಳಗೆ ಸೊಳ್ಳೆಪರದೆ, ಎನಾಮಲ್ ಮಗ್ಗು, ಡಿಸ್ಚಾರ್ಜ್ ಬುಕ್ಕು, ಕರವಸ್ತ್ರದಲ್ಲಿ ಸುತ್ತಿಟ್ಟ ನಾಲ್ಕು ಮೆಡಲು. ಯುದ್ಧ ಸ್ಮಾರಕಗಳನ್ನು ನಾನು ಹುಡುಕಿಕೊಂಡು ಹೋಗೋಕೆ ಶುರು ಮಾಡಿದ್ದು ಆಮೇಲೆ. ಅಲ್ಲಿಂದೀಚೆಗೆ ನೆಂಟರು, ಗೆಳೆಯರು, ಗೆಳೆಯರ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ, ಒಪ್ಪಲೇಬೇಕು ಅಂತೇನಿಲ್ಲ.

ನಮ್ಮಲ್ಲಿ ವೀರಗಲ್ಲು ಮೊದಲಿಂದ ಇದೆ. ಹಾಗಾದ್ರೆ ಯುದ್ಧ ಸ್ಮಾರಕ ಹೊಸದೇನಲ್ವಲ್ಲ?

ಹೊಸದಲ್ಲ. ಕರ್ನಾಟಕದಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿ ಮೇಲೆ, ಬಸ್‌ಸ್ಟಾಪಿನ ಹಿಂದೆ ಎಲ್ಲಿ ನೋಡಿದರೂ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ಅವನನ್ನು ಕರಕೊಂಡು ಹೋಗೋದು, ಮೇಲೆ ಅವನು ಲಿಂಗದ ಮುಂದೆ ಕೂತಿರೋದು. ಎಷ್ಟೋ ಕಲ್ಲುಗಳಲ್ಲಿ ಯಾಕೆ ಸತ್ತ ಅಂತಲೂ ಬರೆದಿರುತ್ತೆ: ತುರುಗೊಳ್ ಅಂದ್ರೆ ದನ ಹಿಡಿಯೋಕೆ ಬಂದವರ ಜೊತೆ ಕಾದಾಡಿ, ಪೆಣ್ಬುಯ್ಯಲ್ ಅಂದ್ರೆ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದವರನ್ನು ತಡೆಯೋಕೆ ಹೋಗಿ. ಸತ್ತವನ ಮನೆಗೆ ಭೂಮಿ ಕೊಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕಾರ್ಗಿಲ್‌ನಲ್ಲಿ ಸತ್ತವರ ಕುಟುಂಬಕ್ಕೆ ಸರ್ಕಾರ ಪೆಟ್ರೋಲ್ ಬಂಕ್ ಕೊಟ್ಟಿತಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಬೇಗೂರಿನ ಶಾಸನದಲ್ಲಿ ‘ಬೆಂಗಳೂರು ಕಾಳಗ’ ಅಂತ ಬರುತ್ತೆ. ಅದು 9ನೇ ಶತಮಾನದ್ದು. ಅಂದ್ರೆ ಬೆಂಗಳೂರು ಅನ್ನೋ ಹೆಸರು ನಮಗೆ ಸಿಕ್ಕಿದ್ದೇ ಒಂದು ಯುದ್ಧದ ನೆನಪಿನಿಂದ.

ನನಗೆ ಎಲ್ಲಕ್ಕಿಂತ ಇಷ್ಟ ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯದು, 10ನೇ ಶತಮಾನ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಹಂದಿ ಜೊತೆ ಹೋರಾಡಿ ಸತ್ತ ಒಂದು ನಾಯಿಯ ಹೆಸರು ಅದರಲ್ಲಿದೆ. ಕಾಳಿ ಅಂತ. ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ಸುತ್ತಿಕೊಳ್ಳುತ್ತೆ ಅಂತ ಶಾಸನದಲ್ಲೇ ಬರೆಸಿದ್ದಾರೆ. ಕಲ್ಲು ನಿಲ್ಲಿಸಿದರೆ ಸಾಲದು, ಯಾರಾದರೂ ದಿನಾ ನೋಡಿಕೊಳ್ಳಬೇಕು ಅಂತ ಆಗಲೇ ಗೊತ್ತಿತ್ತು ನೋಡಿ. ಈ ನಾಯಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ವ್ಯತ್ಯಾಸ ಏನಂದ್ರೆ, ವೀರಗಲ್ಲು ಅವನು ಸತ್ತ ಊರಲ್ಲೋ ಅವನ ಊರಲ್ಲೋ ಇರುತ್ತೆ, ಅದನ್ನು ನೋಡುವವರಿಗೆ ಅವನು ಯಾರು ಅಂತ ಗೊತ್ತಿರುತ್ತೆ. ಆಧುನಿಕ ಯುದ್ಧದಲ್ಲಿ ಹಾಸನದ ಹುಡುಗ ಇರಾಕ್‌ನಲ್ಲಿ ಸಾಯುತ್ತಾನೆ, ಕಲ್ಲು ದೆಹಲಿಯಲ್ಲಿರುತ್ತೆ.

ಇಂಡಿಯಾ ಗೇಟ್ ಮೇಲಿರೋದು ಸ್ವಾತಂತ್ರ್ಯ ಹೋರಾಟಗಾರರ ಹೆಸರಾ?

ಅಲ್ಲ. ಈ ತಪ್ಪು ಮಾಹಿತಿ ವಾಟ್ಸಾಪ್‌ನಲ್ಲಿ ವರ್ಷಕ್ಕೆರಡು ಸಲ ಬರುತ್ತೆ. ಇಂಡಿಯಾ ಗೇಟ್ ಕಟ್ಟಿದ್ದು ಬ್ರಿಟಿಷರು, ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಸತ್ತವರಿಗೆ. 1921ರಲ್ಲಿ ಅಡಿಗಲ್ಲು, 1931ರಲ್ಲಿ ಉದ್ಘಾಟನೆ, ವಾಸ್ತುಶಿಲ್ಪಿ ಲುಟ್ಯೆನ್ಸ್, ಎತ್ತರ 42 ಮೀಟರ್. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಹೋದರು, 70 ಸಾವಿರಕ್ಕೂ ಜಾಸ್ತಿ ಜನ ವಾಪಸ್ ಬರಲಿಲ್ಲ. ಆದ್ರೆ ಗೇಟಿನ ಮೇಲೆ ಕೆತ್ತಿರೋದು 13,300 ಚಿಲ್ಲರೆ ಹೆಸರು ಮಾತ್ರ. ಹೆಚ್ಚಿನವರು ವಾಯವ್ಯ ಗಡಿಯಲ್ಲಿ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಸತ್ತವರು.

ಅವರು ಬ್ರಿಟಿಷರ ಪರ ಹೋರಾಡಿದವರು, ನಮಗೇನು ಸಂಬಂಧ ಅಂತ ಕೆಲವರು ಕೇಳುತ್ತಾರೆ. ತಿಂಗಳಿಗೆ ಹನ್ನೊಂದು ರೂಪಾಯಿ ಸಂಬಳಕ್ಕೆ ಹೋದ ಹಳ್ಳಿ ಹುಡುಗರು ಅವರು. ಸಂಬಂಧ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಅಮರ್ ಜವಾನ್ ಜ್ಯೋತಿಯನ್ನು ಆರಿಸಿಬಿಟ್ಟರಾ?

ಆ ಜಾಗದಲ್ಲಿ ಈಗ ಜ್ಯೋತಿ ಇಲ್ಲ. 1971ರ ಯುದ್ಧ ಆದಮೇಲೆ ಗೇಟಿನ ಕೆಳಗೆ ನೆಟ್ಟಗೆ ನಿಲ್ಲಿಸಿದ ರೈಫಲ್, ಅದರ ಮೇಲೆ ಹೆಲ್ಮೆಟ್, ಪಕ್ಕದಲ್ಲಿ ಆರದ ಜ್ಯೋತಿ ಇಟ್ಟಿದ್ದರು. 1972ರ ಜನವರಿ 26ರಂದು ಇಂದಿರಾ ಗಾಂಧಿ ಉದ್ಘಾಟಿಸಿದ್ದು. 2019ರ ಫೆಬ್ರವರಿ 25ರಂದು ಪಕ್ಕದಲ್ಲೇ ರಾಷ್ಟ್ರೀಯ ಯುದ್ಧ ಸ್ಮಾರಕ ಶುರುವಾಯಿತು. 2022ರ ಜನವರಿ 21ರಂದು ಹಳೆಯ ಜ್ಯೋತಿಯನ್ನು ಹೊಸ ಸ್ಮಾರಕದ ಜ್ಯೋತಿಗೆ ಸೇರಿಸಿದರು.

ಸರ್ಕಾರದ ವಾದ: 1971ರಲ್ಲಿ ಸತ್ತವರ ಒಂದು ಹೆಸರೂ ಇಂಡಿಯಾ ಗೇಟ್ ಮೇಲಿಲ್ಲ, ಹೊಸ ಸ್ಮಾರಕದಲ್ಲಿ ಎಲ್ಲರ ಹೆಸರೂ ಇದೆ, ಜ್ಯೋತಿ ಹೆಸರಿದ್ದ ಕಡೆ ಇರಲಿ. ವಿರೋಧಿಸಿದವರ ವಾದ: ಐವತ್ತು ವರ್ಷ ಜನ ಕೈಮುಗಿದ ಜಾಗಕ್ಕೆ ಅದರದ್ದೇ ಒಂದು ಬೆಲೆ ಇರುತ್ತೆ. ನಿವೃತ್ತ ಸೈನಿಕರಲ್ಲೇ ಎರಡು ಗುಂಪಾಯಿತು. ನನಗೆ ಎರಡೂ ಸರಿ ಅನ್ನಿಸುತ್ತೆ, ಆದ್ರೆ ಹೊಸ ಸ್ಮಾರಕಕ್ಕೆ ಹೋಗಿ ಬಂದ ಮೇಲೆ ಮೊದಲನೇ ವಾದದ ಕಡೆ ಸ್ವಲ್ಪ ವಾಲಿದ್ದೇನೆ. ಅಲ್ಲಿ ಒಂದರೊಳಗೊಂದು ನಾಲ್ಕು ಚಕ್ರಗಳಿವೆ. ತ್ಯಾಗ ಚಕ್ರದ ಗೋಡೆಯಲ್ಲಿ ಒಂದೊಂದು ಗ್ರಾನೈಟ್ ಇಟ್ಟಿಗೆಗೆ ಒಬ್ಬೊಬ್ಬರ ಹೆಸರು. ಉದ್ಘಾಟನೆ ಹೊತ್ತಿಗೇ 25,942 ಹೆಸರು. ಇಟ್ಟಿಗೆ ಗೋಡೆ ಅಂದ್ಕೊಂಡು ನಡೆಯುತ್ತಾ ಹೋಗುತ್ತೀರಿ, ನಾಲ್ಕನೇ ತಿರುವಿನ ಹೊತ್ತಿಗೆ ಇಟ್ಟಿಗೆ ಎಷ್ಟು ಅಂತ ತಲೆಗೆ ಹತ್ತುತ್ತೆ. ಅಲ್ಲಿ ಸಂಜೆ ಹೊತ್ತು ಸತ್ತ ಸೈನಿಕರೊಬ್ಬರ ಮನೆಯವರನ್ನು ಕರೆಸಿ ಹೂವಿನ ಚಕ್ರ ಇಡಿಸುತ್ತಾರೆ. ಅದಕ್ಕೊಂದು ಸಲ ಹೋಗಿ.

ಮೈಸೂರಿನ ಕುದುರೆ ಸೈನ್ಯ ಇಸ್ರೇಲ್‌ನಲ್ಲಿ ಯುದ್ಧ ಮಾಡಿದ್ದು ನಿಜಾನಾ?

ನಿಜ. ಆಗ ಅದು ಇಸ್ರೇಲ್ ಆಗಿರಲಿಲ್ಲ, ಒಟ್ಟೋಮನ್ ಸಾಮ್ರಾಜ್ಯದ ಪ್ಯಾಲೆಸ್ತೀನ್. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಹೈಫಾ ಊರನ್ನು ಹಿಡಿದರು. ಎದುರಿಗೆ ಮೆಷಿನ್‌ಗನ್, ಫಿರಂಗಿ. ಇವರ ಕೈಯಲ್ಲಿ ಈಟಿ, ಕತ್ತಿ. ಈಗಲೂ ನಮ್ಮ ಸೇನೆ ಆ ದಿನವನ್ನು ಹೈಫಾ ದಿನ ಅಂತ ಆಚರಿಸುತ್ತೆ.

ತಮಾಷೆ ಏನಂದ್ರೆ, ದೆಹಲಿಗೆ ಹೋದ ಕನ್ನಡಿಗರೆಲ್ಲ ತೀನ್ ಮೂರ್ತಿ ಭವನ ನೋಡಿ ಬರುತ್ತಾರೆ, ನೆಹರೂ ಮನೆ ಅಂತ. ಆ ಮೂರು ಮೂರ್ತಿ ಯಾರದ್ದು ಅಂತ ಕೇಳಿದರೆ ಗೊತ್ತಿಲ್ಲ. ಅದು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಸೈನಿಕರದ್ದು, 1922ರಲ್ಲಿ ನಿಲ್ಲಿಸಿದ್ದು. 2018ರಲ್ಲಿ ಇಸ್ರೇಲ್ ಪ್ರಧಾನಿ ಬಂದಾಗ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರಿಟ್ಟರು. ನೂರು ವರ್ಷ ಯಾರೂ ಕೇಳದ ಯುದ್ಧ, ಎರಡು ಸರ್ಕಾರಗಳಿಗೆ ಸ್ನೇಹ ಬೇಕಾದಾಗ ನೆನಪಿಗೆ ಬಂತು. ಹೀಗೆ ಆಗೋದು ಇದೊಂದೇ ಸಲ ಅಲ್ಲ. ಬೇಜಾರೇನಿಲ್ಲ, ಯಾವ ಕಾರಣಕ್ಕಾದರೂ ನೆನಪಾಯಿತಲ್ಲ.

ಬೆಂಗಳೂರಿನ ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಸೇರುವ ಕಡೆ ಮದ್ರಾಸ್ ಪಯನಿಯರ್ಸ್ ರೆಜಿಮೆಂಟಿನ ಕಲ್ಲಿನ ಕಂಬ ಇದೆ. ಸಿಗ್ನಲ್‌ನಲ್ಲಿ ನಿಂತಾಗ ನೂರು ಸಲ ನೋಡಿರುತ್ತೀರಿ. ಇಳಿದು ಒಂದು ಸಲ ಓದಿ.

ಎಲ್ಲ ಸೈನಿಕರ ಹೆಸರನ್ನೂ ಬರೆದಿದ್ದಾರಾ?

ಇಲ್ಲ. ಇದು ನನಗೆ ಅತಿ ಸಿಟ್ಟು ಬರಿಸುವ ವಿಷಯ.

ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟಿಷರು ಒಂದು ಯುದ್ಧ ಸಮಾಧಿ ಆಯೋಗ ಮಾಡಿದರು. ಅದರ ನಿಯಮ ಕೇಳೋಕೆ ಚೆನ್ನಾಗಿದೆ: ಸಾವಿನಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಜನರಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಪ್ರತಿಯೊಬ್ಬರ ಹೆಸರೂ ಇರಬೇಕು. ಫ್ರಾನ್ಸ್‌ನಲ್ಲಿ ಈ ನಿಯಮ ಪಾಲಿಸಿದರು. ನವ್ ಶಪೆಲ್ ಅನ್ನೋ ಊರಲ್ಲಿ 1927ರಲ್ಲಿ ಭಾರತೀಯರಿಗೇ ಒಂದು ಸ್ಮಾರಕ ಕಟ್ಟಿದರು, 4,700ಕ್ಕೂ ಜಾಸ್ತಿ ಹೆಸರು ಗೋಡೆ ಮೇಲಿದೆ.

ಇರಾಕ್‌ನ ಬಸ್ರಾಕ್ಕೆ ಬನ್ನಿ. ಮೆಸಪೊಟೇಮಿಯಾದಲ್ಲಿ ಸತ್ತವರಲ್ಲಿ ಭಾರತೀಯರೇ ಜಾಸ್ತಿ. ಅಲ್ಲಿನ ಸ್ಮಾರಕದಲ್ಲಿ ಬ್ರಿಟಿಷರ ಹೆಸರು ಇದೆ, ಭಾರತೀಯ ಅಧಿಕಾರಿಗಳ ಹೆಸರು ಇದೆ. ಸಾಮಾನ್ಯ ಸಿಪಾಯಿಗಳದ್ದು? ರೆಜಿಮೆಂಟ್ ಹೆಸರು ಬರೆದು, ಇಷ್ಟು ಜನ ಅಂತ ಒಂದು ಸಂಖ್ಯೆ. ಮುಗೀತು. ಆತಕೂರಿನಲ್ಲಿ ನಾಯಿಗೆ ಹೆಸರಿತ್ತು. ಯುರೋಪಿನಲ್ಲಿ ನೋಡುವವರಿದ್ದರು, ಬರೆದರು. ಬಸ್ರಾದಲ್ಲಿ ಯಾರು ಬಂದು ನೋಡುತ್ತಾರೆ ಅನ್ನೋ ಧೈರ್ಯ.

ಇದನ್ನು ಆಯೋಗವೇ 2021ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಆಫ್ರಿಕಾ, ಏಷ್ಯಾ ಕಡೆಯ 45 ಸಾವಿರದಿಂದ 54 ಸಾವಿರ ಜನರನ್ನು ಉಳಿದವರ ಸಮಕ್ಕೆ ಸ್ಮರಿಸಿಲ್ಲ, ಇನ್ನು ಕಡಿಮೆ ಅಂದ್ರೂ 1,16,000 ಜನರ ಹೆಸರೇ ಇಲ್ಲ ಅಥವಾ ಸ್ಮರಣೆಯೇ ಇಲ್ಲ, ಅದು ಮೂರೂವರೆ ಲಕ್ಷದವರೆಗೂ ಹೋಗಬಹುದು ಅಂತ ಅವರ ವರದಿಯೇ ಹೇಳುತ್ತೆ. ಅದರಲ್ಲಿ ಪೂರ್ವ ಆಫ್ರಿಕಾದಲ್ಲಿ ಮೂಟೆ ಹೊತ್ತವರು ಬಹಳ. ಅಡುಗೆಯವರು, ನೀರು ಹೊರುವವರು, ಹೇಸರಗತ್ತೆ ಹೊಡೆಯುವವರು, ಇವರನ್ನೆಲ್ಲ ‘ಫಾಲೋಯರ್ಸ್’ ಅಂತ ಬೇರೆ ಪಟ್ಟಿಗೆ ಹಾಕುತ್ತಿದ್ದರು. ಗುಂಡು ಮಾತ್ರ ಪಟ್ಟಿ ನೋಡಿ ಬರುತ್ತಿರಲಿಲ್ಲ.

ಹೆಸರನ್ನು ಯಾವ ಕ್ರಮದಲ್ಲಿ ಬರೀತಾರೆ? ಅದರಲ್ಲೇನಿದೆ?

ತುಂಬಾ ಇದೆ. ರ‍್ಯಾಂಕ್ ಪ್ರಕಾರ ಬರೆದರೆ ಸತ್ತ ಮೇಲೂ ಸೆಲ್ಯೂಟ್ ಹೊಡೆಸಿದ ಹಾಗೆ. ಅಕ್ಷರದ ಪ್ರಕಾರ ಬರೆದರೆ ಹುಡುಕೋಕೆ ಸುಲಭ, ಆದ್ರೆ ಟೆಲಿಫೋನ್ ಡೈರೆಕ್ಟರಿ ತರ ಕಾಣುತ್ತೆ.

ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕ ಇದೆ. ವಿನ್ಯಾಸ ಮಾಡಿದ್ದು ಮಾಯಾ ಲಿನ್, ಸ್ಪರ್ಧೆಯಲ್ಲಿ ಗೆದ್ದಾಗ ಅವರಿನ್ನೂ 21 ವರ್ಷದ ವಿದ್ಯಾರ್ಥಿನಿ. ನೆಲಕ್ಕೆ ಇಳಿದ ಕಪ್ಪು ಗ್ರಾನೈಟ್ ಗೋಡೆ, ಪ್ರತಿಮೆ ಇಲ್ಲ, ಘೋಷಣೆ ಇಲ್ಲ. 58 ಸಾವಿರಕ್ಕೂ ಜಾಸ್ತಿ ಹೆಸರುಗಳು ದಿನಾಂಕದ ಕ್ರಮದಲ್ಲಿವೆ. ಒಂದೇ ದಿನ ಒಂದೇ ಹಳ್ಳದಲ್ಲಿ ಬಿದ್ದವರ ಹೆಸರು ಗೋಡೆ ಮೇಲೂ ಅಕ್ಕಪಕ್ಕ. ಬದುಕಿ ಬಂದವನು ಅಲ್ಲಿ ನಿಂತರೆ ತನ್ನ ಆ ದಿನ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. 1982ರಲ್ಲಿ ತೆರೆಯೋ ಮೊದಲು ಬಹಳ ಜಗಳ ಆಯಿತು, ಇದು ಅವಮಾನದ ಗೋಡೆ ಅಂತ ಬೈದರು. ಈಗ ಜನ ಬಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡು ಹೋಗುತ್ತಾರೆ. ನಾವು ಚಿಕ್ಕವರಿದ್ದಾಗ ನಾಲ್ಕಾಣೆ ಮೇಲೆ ಕಾಗದ ಇಟ್ಟು ಸಿಂಹದ ಅಚ್ಚು ತೆಗೀತಿದ್ವಲ್ಲ, ಹಾಗೆ.

1962ರ ಯುದ್ಧದ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಚೀನಾ ಎದುರು ಸೋತಿದ್ದಕ್ಕೆ. ಗೆದ್ದ ಯುದ್ಧಕ್ಕೆ ದಿನ ಇರುತ್ತೆ: ಡಿಸೆಂಬರ್ 16 ವಿಜಯ ದಿವಸ, ಜುಲೈ 26 ಕಾರ್ಗಿಲ್ ವಿಜಯ ದಿವಸ. 1962ಕ್ಕೆ ಕ್ಯಾಲೆಂಡರ್‌ನಲ್ಲಿ ಜಾಗ ಇಲ್ಲ. ಯಾಕೆ ಸೋತೆವು ಅಂತ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಇಲ್ಲಿವರೆಗೆ ಯಾವ ಸರ್ಕಾರವೂ ಬಿಡುಗಡೆ ಮಾಡಿಲ್ಲ. ಯಾವ ಪಕ್ಷದ ಸರ್ಕಾರವೂ.

ಹಾಗಾಗಿ 1962ರ ನೆನಪು ದೆಹಲಿಗಿಂತ ಬೆಟ್ಟದ ಮೇಲೆ ಜಾಸ್ತಿ ಇದೆ. ಲಡಾಖ್‌ನ ರೆಜಾಂಗ್ ಲಾದಲ್ಲಿ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ಅವರ 13ನೇ ಕುಮಾವ್ ಬೆಟಾಲಿಯನ್ನಿನ ಕಂಪನಿಯ 120 ಜನರಲ್ಲಿ 114 ಮಂದಿ ಸತ್ತರು. ಚಳಿಗಾಲದ ಕೊನೆಗೆ ಕುರಿ ಕಾಯುವವನೊಬ್ಬ ಅತ್ತ ಹೋದಾಗ ಕೈಯಲ್ಲಿ ಬಂದೂಕು ಹಿಡಿದ ಹಾಗೇ ಹೆಪ್ಪುಗಟ್ಟಿದ ಶವಗಳು ಸಿಕ್ಕವು. ಅಲ್ಲಿಯವರೆಗೆ ಅವರು ಅಷ್ಟು ಹೋರಾಡಿದ್ದರು ಅಂದ್ರೆ ನಂಬುವವರೇ ಕಮ್ಮಿ ಇದ್ದರು.

ಇನ್ನೊಂದು ಅರುಣಾಚಲದ ಜಸವಂತ್ ಗಢ್. ತವಾಂಗ್‌ಗೆ ಹೋಗುವ ದಾರಿ. ರೈಫಲ್‌ಮನ್ ಜಸವಂತ್ ಸಿಂಗ್ ರಾವತ್ ಸತ್ತ ಜಾಗ. ಅಲ್ಲಿನ ಸೈನಿಕರು ಇವತ್ತಿಗೂ ಅವರ ಬೂಟಿಗೆ ಪಾಲಿಶ್ ಹಾಕಿಡುತ್ತಾರೆ, ರಾತ್ರಿ ಹಾಸಿಗೆ ಹಾಸುತ್ತಾರೆ, ಬೆಳಗ್ಗೆ ಚಹಾ ಇಡುತ್ತಾರೆ. ಉತ್ತರದ ಪತ್ರಕರ್ತರು ಇದನ್ನು ಬಹಳ ವಿಚಿತ್ರ ಅನ್ನೋ ಹಾಗೆ ಬರೆಯುತ್ತಾರೆ. ತುಳುನಾಡಿನವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲ್ಲ, ಕೋಟಿ ಚೆನ್ನಯರನ್ನು ಪೂಜಿಸುವ ಗರಡಿ ನೋಡಿ ಬೆಳೆದವರು. ಕೊಡಗಿನವರಿಗೂ ಅಷ್ಟೆ, ಮನೆತನದ ಕಾರಣನಿಗೆ, ಅಂದ್ರೆ ಮೂಲಪುರುಷನಿಗೆ, ಎಡೆ ಇಟ್ಟು ಅಭ್ಯಾಸ. ಹೋರಾಡಿ ಸತ್ತವನು ಇನ್ನೂ ಊರು ಕಾಯುತ್ತಾನೆ ಅನ್ನೋದು ನಮಗೆ ನಂಬಿಕೆಗಿಂತ ಹೆಚ್ಚಾಗಿ ರೂಢಿ.

ಶ್ರೀಲಂಕಾದಲ್ಲಿ ಸತ್ತ ನಮ್ಮ ಸೈನಿಕರ ಕತೆ ಏನು?

1987ರಿಂದ 1990ರವರೆಗೆ ಶಾಂತಿಪಾಲನಾ ಪಡೆ ಅಂತ ಹೋಗಿ ಸುಮಾರು 1,200 ಜನ ಸತ್ತರು. ಗೆದ್ದೆವಾ, ಸೋತೆವಾ, ಯಾಕೆ ಹೋದೆವು, ಯಾವುದಕ್ಕೂ ಸರಿಯಾದ ಉತ್ತರ ಇರಲಿಲ್ಲ. ಹಾಗಾಗಿ ಬಹಳ ವರ್ಷ ಇಲ್ಲಿ ಆಚರಣೆಯೂ ಇರಲಿಲ್ಲ. ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ ಶ್ರೀಲಂಕಾ ಸರ್ಕಾರ ಅವರ ಹೆಸರು ಬರೆದು ಸ್ಮಾರಕ ಕಟ್ಟಿತು. ನಮ್ಮ ರಾಜಧಾನಿಯಲ್ಲಿ ಅವರ ಹೆಸರು ಗೋಡೆ ಹತ್ತಿದ್ದು 2019ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿಯ ತಂದೆತಾಯಿ ಇರಲೇ ಇಲ್ಲ.

ಅದೇ ದ್ವೀಪದಲ್ಲಿ 2009ರ ಮೇನಲ್ಲಿ ಅಂತರ್ಯುದ್ಧ ಮುಗಿಯಿತು. ಸರ್ಕಾರ ಮೇ 19ಕ್ಕೆ ಯೋಧರ ದಿನ ಮಾಡುತ್ತೆ. ತಮಿಳರು ಮೇ 18ಕ್ಕೆ, ಯುದ್ಧ ಮುಗಿದ ಊರಿನ ಹೆಸರಿನ ಮುಳ್ಳಿವಾಯ್ಕಾಲ್ ಗಂಜಿ ಕಾಯಿಸಿ ಹಂಚುತ್ತಾರೆ. ಅಕ್ಕಿ, ನೀರು, ಉಪ್ಪು. ಕೊನೆಯ ದಿನಗಳಲ್ಲಿ ಶೆಲ್ ಬೀಳುವಾಗ ಸಾಲಿನಲ್ಲಿ ನಿಂತು ಕುಡಿದದ್ದು ಅದನ್ನೇ. ಕಲ್ಲು ನಿಲ್ಲಿಸಿದರೆ ಕೆಡವುತ್ತಾರೆ, ಗಂಜಿಯನ್ನು ಏನು ಮಾಡುತ್ತಾರೆ? ಗಂಜಿ ಹಂಚಿದ್ದಕ್ಕೂ ಪೊಲೀಸರು ಹಿಡಿದದ್ದಿದೆ, ಅದು ಬೇರೆ ಮಾತು.

ಮಡಿಕೇರಿಯ ದೇವಯ್ಯ ವೃತ್ತದ ದೇವಯ್ಯ ಯಾರು?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಣೆಯಾದವರು ಅಂತ ಬರೆದುಕೊಂಡರು.

ಗೊತ್ತಾಗಿದ್ದು ಆ ಕಡೆಯಿಂದ. ಪಾಕಿಸ್ತಾನದ ವಾಯುಪಡೆ ತನ್ನ ಯುದ್ಧದ ಕತೆಯನ್ನು ಒಬ್ಬ ಬ್ರಿಟಿಷ್ ಲೇಖಕನ ಕೈಲಿ ಬರೆಸಿತು. 1979ರಲ್ಲಿ ಬಂದ ಆ ಪುಸ್ತಕದಲ್ಲಿ, ಹಳೇ ಮಿಸ್ಟೇರ್ ವಿಮಾನದ ಭಾರತೀಯ ಪೈಲಟ್ ಒಬ್ಬ ತನ್ನನ್ನು ಅಟ್ಟಿಸಿಕೊಂಡು ಬಂದ ಸ್ಟಾರ್‌ಫೈಟರ್ ಜೊತೆ ಸೆಣಸಿ ಅದನ್ನು ಬೀಳಿಸಿದ ಅಂತ ಇತ್ತು. ಸ್ಟಾರ್‌ಫೈಟರ್ ಅಂದ್ರೆ ಆ ಕಾಲಕ್ಕೆ ಇವರದ್ದಕ್ಕಿಂತ ಎರಡು ಪಟ್ಟು ವೇಗ. ಅದರ ಪೈಲಟ್ ಜಿಗಿದು ಬದುಕಿದ, ಇವರು ಬದುಕಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅದು ದೇವಯ್ಯನವರೇ. ಅಲ್ಲಿನ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದ್ದರು. 1988ರಲ್ಲಿ, ಅಂದ್ರೆ 23 ವರ್ಷದ ಮೇಲೆ, ಮಹಾವೀರ ಚಕ್ರ ಬಂತು, ಅವರ ಪತ್ನಿ ಪಡೆದುಕೊಂಡರು. ಶತ್ರು ಬರೆದಿಡದೇ ಹೋಗಿದ್ದರೆ ಆ ಪದಕವೂ ಇಲ್ಲ, ವೃತ್ತಕ್ಕೆ ಆ ಹೆಸರೂ ಇಲ್ಲ.

ಶವ ಸಿಗದಿದ್ದರೆ ಮನೆಯವರು ಏನು ಮಾಡುತ್ತಾರೆ?

ಕಷ್ಟ. 1971ರಲ್ಲಿ ಕಾಣೆಯಾದ, ‘ಮಿಸ್ಸಿಂಗ್ 54’ ಅಂತ ಕರೆಯುವ ಸೈನಿಕರ ಮನೆಗಳಲ್ಲಿ ಈ ಪ್ರಶ್ನೆ ಐವತ್ತು ವರ್ಷ ನಡೆಯಿತು. ಪಾಕಿಸ್ತಾನ ತಮ್ಮಲ್ಲಿ ಯಾರೂ ಇಲ್ಲ ಅನ್ನುತ್ತೆ. ತಿಥಿ ಮಾಡಿದರೆ ಅವನು ಸತ್ತ ಅಂತ ಒಪ್ಪಿದ ಹಾಗೆ, ಮಾಡದಿದ್ದರೆ ಊರವರ ಮಾತು. ಹೆಂಡತಿ ಕುಂಕುಮ ಇಡಬೇಕಾ, ಬೇಡವಾ?

ನಮ್ಮ ಹಿರಿಯರಿಗೆ ಈ ಸಂಕಟ ಗೊತ್ತಿತ್ತು ಅನ್ನಿಸುತ್ತೆ. ಶವ ಇಲ್ಲದಿದ್ದರೆ ದರ್ಭೆಯಲ್ಲಿ ದೇಹ ಮಾಡಿ ಸಂಸ್ಕಾರ ಮಾಡುವ ಕ್ರಮ ಇದೆ. ಪಿತೃಪಕ್ಷದಲ್ಲಿ ಮಹಾಲಯ ಅಮಾವಾಸ್ಯೆ ಹಿಂದಿನ ದಿನ ಚತುರ್ದಶಿಗೆ ಪಂಚಾಂಗದಲ್ಲಿ ‘ಶಸ್ತ್ರಹತ’ ಅಂತ ಇರುತ್ತೆ, ನೋಡಿದ್ದೀರಾ? ಆಯುಧದಿಂದ ಸತ್ತವರಿಗೇ ಮೀಸಲಾದ ದಿನ. ಯಾವ ಸರ್ಕಾರವೂ ಘೋಷಿಸದ ಯೋಧರ ದಿನ ಅದು, ರಜೆ ಇಲ್ಲ, ಭಾಷಣ ಇಲ್ಲ.

ಕಾರ್ಗಿಲ್‌ಗೆ ಮೊದಲು ಶವ ಮನೆಗೆ ಬರುತ್ತಿದ್ದದ್ದೇ ಕಮ್ಮಿ. ಯುದ್ಧಭೂಮಿಯ ಹತ್ತಿರವೇ ಸಂಸ್ಕಾರ, ಮನೆಗೆ ತಂತಿ. 1999ರಲ್ಲಿ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದವು, ಹಿಂದೆಯೇ ಟಿವಿ ಕ್ಯಾಮೆರಾ ಬಂತು. 527 ಜನ. ಕಾರ್ಗಿಲ್ ಇಷ್ಟು ಜನರ ಮನಸ್ಸಿನಲ್ಲಿ ಉಳಿದಿರೋದು ಬೆಟ್ಟ ಗೆದ್ದದ್ದಕ್ಕಿಂತ ಆ ಪೆಟ್ಟಿಗೆ ನಮ್ಮ ತಾಲ್ಲೂಕಿಗೆ ಬಂದದ್ದಕ್ಕೆ ಅಂತ ನನ್ನ ಅಂದಾಜು.

‘ಹುತಾತ್ಮ’ ಅನ್ನಬಾರದಂತೆ, ಹೌದಾ?

ಸೇನೆಯ ಕಾಗದಪತ್ರದಲ್ಲಿ ಆ ಪದ ಇಲ್ಲ. ಸರ್ಕಾರ ಸಂಸತ್ತಿನಲ್ಲೂ ಹಾಗೇ ಹೇಳಿದೆ. ಮಾರ್ಟರ್ ಅನ್ನೋದರಲ್ಲಿ ಮತಕ್ಕಾಗಿ ಸತ್ತವನು ಅನ್ನೋ ಅರ್ಥ ಇರೋದರಿಂದ ಸೈನಿಕನಿಗೆ ಹೊಂದಲ್ಲ ಅಂತ ಸೇನೆಯವರ ವಾದ. ಕನ್ನಡದ ಹುತಾತ್ಮಕ್ಕೆ ಆ ತೊಡಕು ಅಷ್ಟಿಲ್ಲ. ನನಗೆ ತೊಡಕು ಬೇರೆ: ಆ ಪದ ಬಂದ ಕೂಡಲೇ ಆ ಹುಡುಗನಿಗೆ ಮೊಣಕಾಲು ನೋವಿತ್ತು, ರಜೆ ಸಿಗದೆ ಜಗಳ ಆಡಿದ್ದ, ತಂಗಿ ಮದುವೆ ಸಾಲ ಇತ್ತು ಅನ್ನೋದೆಲ್ಲ ಮಾಯ ಆಗುತ್ತೆ. ಬಳಸಿ, ಬೇಡ ಅನ್ನಲ್ಲ. ಹೆಸರನ್ನೂ ಸೇರಿಸಿ.

1971ನ್ನು ಮೂರೂ ದೇಶ ಒಂದೇ ತರ ನೆನೆಯುತ್ತಾ?

ಎಲ್ಲಿ ಸಾಧ್ಯ! ನಮಗೆ ಅದು ಹದಿಮೂರು ದಿನದ ಯುದ್ಧ, 93 ಸಾವಿರ ಸೆರೆಯಾಳು, ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕುತ್ತಿರುವ ಫೋಟೋ. ಪಾಕಿಸ್ತಾನದಲ್ಲಿ ಅದು ಢಾಕಾ ಪತನ, ಆದಷ್ಟು ಬೇಗ ಪುಟ ತಿರುಗಿಸುವ ಪಾಠ. ಅವರ ದೊಡ್ಡ ಆಚರಣೆ ಸೆಪ್ಟೆಂಬರ್ 6, 1965ರದ್ದು. ಬಾಂಗ್ಲಾದೇಶಕ್ಕೆ ಅದು ಒಂಬತ್ತು ತಿಂಗಳ ಮುಕ್ತಿಯುದ್ಧ. ಢಾಕಾದ ಮುಕ್ತಿಯುದ್ಧ ಮ್ಯೂಸಿಯಂ ಸರ್ಕಾರ ಮಾಡಿದ್ದಲ್ಲ, 1996ರಲ್ಲಿ ಸಾಮಾನ್ಯ ನಾಗರಿಕರು ಸೇರಿ ಶುರು ಮಾಡಿದ್ದು. ಜನ ತಮ್ಮ ಮನೆಯಲ್ಲಿದ್ದ ಅಂಗಿ, ಕನ್ನಡಕ, ಪತ್ರ ತಂದುಕೊಟ್ಟರು. ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ ಸರ್ಕಾರ ಬೀರಾಂಗೊನಾ ಅಂದ್ರೆ ವೀರಾಂಗನೆ ಅಂತ ಬಿರುದು ಕೊಟ್ಟಿತು. ಬಿರುದು ಕೊಟ್ಟರೂ ಎಷ್ಟೋ ಮನೆಗಳು ಒಳಗೆ ಸೇರಿಸಲಿಲ್ಲ. ಅವರನ್ನು ಮುಕ್ತಿಯೋಧರ ಪಟ್ಟಿಗೆ ಸೇರಿಸೋಕೆ ಶುರು ಮಾಡಿದ್ದು 2015ರಲ್ಲಿ.

ಈ ನೆನಪುಗಳು ಇನ್ನೂ ತಣ್ಣಗಾಗಿಲ್ಲ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಬಿದ್ದಾಗ ಮುಜೀಬ್‌ನಗರದಲ್ಲಿದ್ದ ಶರಣಾಗತಿಯ ಶಿಲ್ಪಗಳನ್ನು ಒಡೆದರು. ಅದೇ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಸೇನಾ ಮುಖ್ಯಸ್ಥರ ಕಚೇರಿಯಲ್ಲಿದ್ದ ಶರಣಾಗತಿಯ ಚಿತ್ರವನ್ನು ಮಾಣಿಕ್‌ಶಾ ಕೇಂದ್ರಕ್ಕೆ ಸಾಗಿಸಿದ್ದಕ್ಕೆ ನಮ್ಮಲ್ಲೂ ಗಲಾಟೆ ಆಯಿತು.

ಸೈನಿಕರಲ್ಲದೆ ಸತ್ತವರಿಗೆ ಸ್ಮಾರಕ ಇಲ್ವಾ?

ಹಿರೋಷಿಮಾದಲ್ಲಿ ಇದೆ. ಆಗಸ್ಟ್ 6ರ ಬೆಳಗ್ಗೆ 8:15ಕ್ಕೆ ಊರೇ ನಿಲ್ಲುತ್ತೆ. ಜರ್ಮನಿಯಲ್ಲಿ ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ನಾಜಿಗಳು ಕೊಂದವರ ಮನೆ ಮುಂದಿನ ಫುಟ್‌ಪಾತ್‌ನಲ್ಲಿ ಅಂಗೈ ಅಗಲದ ಹಿತ್ತಾಳೆ ಕಲ್ಲು ಹುಗಿಯೋಕೆ ಶುರು ಮಾಡಿದ. ‘ಇಲ್ಲಿ ವಾಸವಿದ್ದರು’ ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಏನಾದರು ಅಂತ ಇರುತ್ತೆ. ಈಗ ಒಂದು ಲಕ್ಷಕ್ಕೂ ಜಾಸ್ತಿ ಆಗಿವೆ. ಓದೋಕೆ ಬಗ್ಗಬೇಕು. ಅಕ್ಕಪಕ್ಕದವರು ಆಗಾಗ ಬಂದು ತಿಕ್ಕಿ ಹೊಳಪು ಬರಿಸುತ್ತಾರೆ.

ನಮ್ಮಲ್ಲಿ? 1943ರ ಬಂಗಾಳದ ಕ್ಷಾಮ ಯುದ್ಧದ ಕ್ಷಾಮ. ಬರ್ಮಾದ ಅಕ್ಕಿ ನಿಂತಿತು, ಜಪಾನಿಯರು ಬಂದರೆ ಸಿಗಬಾರದು ಅಂತ ದೋಣಿಗಳನ್ನು ಕಿತ್ತುಕೊಂಡರು, ಬೆಲೆ ಆಕಾಶಕ್ಕೆ ಹೋಯಿತು. ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಅವರಿಗೆ ದೆಹಲಿಯಲ್ಲಿ ಗೋಡೆ ಇಲ್ಲ, ಜ್ಯೋತಿ ಇಲ್ಲ. ಹಸಿವಿಗೆ ರೆಜಿಮೆಂಟ್ ನಂಬರ್ ಇರಲ್ಲ.

ಸ್ಮಾರಕದ ಮುಂದೆ ಸೆಲ್ಫಿ ತಗೋಬಹುದಾ?

ತಗೊಳ್ಳಿ. ಮೊದಲು ಒಂದು ಹೆಸರು ಜೋರಾಗಿ ಓದಿ.

ಮಕ್ಕಳನ್ನು ಕರಕೊಂಡು ಹೋಗೋಕೆ ಹತ್ತಿರದಲ್ಲಿ ಏನಿದೆ?

ಬೆಂಗಳೂರಿನಲ್ಲಿ ತಾರಾಲಯದ ಹತ್ತಿರದ ಸೈನಿಕ ಸ್ಮಾರಕ, 75 ಅಡಿಯ ಏಕಶಿಲಾ ವೀರಗಲ್ಲು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ ಈಗ ಮ್ಯೂಸಿಯಂ. ಡಿಸೆಂಬರ್ 7ರ ಧ್ವಜ ದಿನಕ್ಕೆ ಶಾಲೆಯಲ್ಲಿ ಕೊಡುವ ಪುಟ್ಟ ಬಾವುಟದ ಸ್ಟಿಕ್ಕರ್ ಯಾಕೆ ಅಂತ ಹೇಳಿಕೊಡಿ. 1949ರಿಂದ ನಡೀತಿದೆ, ಆ ದುಡ್ಡು ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಹೋಗುತ್ತೆ. ಪಶ್ಚಿಮದವರು ನವೆಂಬರ್‌ನಲ್ಲಿ ಕೆಂಪು ಪಾಪಿ ಹೂ ಚುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಅದರ ಬದಲು ಚೆಂಡುಹೂ ಇರಲಿ ಅಂತ ಕೆಲವರು ಶುರು ಮಾಡಿದ್ದಾರೆ. ಒಳ್ಳೇದೇ, ಮಾರ್ಕೆಟ್ಟಿನಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತೆ.

ನಮ್ಮ ಅಜ್ಜ ಮಿಲಿಟರಿಯಲ್ಲಿದ್ದರು ಅಷ್ಟೇ ಗೊತ್ತು. ಎಲ್ಲಿಂದ ಹುಡುಕಲಿ?

ಮಹಾಯುದ್ಧಗಳಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಹೆಸರಿನ ಸ್ಪೆಲಿಂಗ್ ನಾಲ್ಕೈದು ತರ ಹಾಕಿ ನೋಡಿ, ಗುಮಾಸ್ತರು ಕೇಳಿಸಿದ ಹಾಗೆ ಬರೆದಿದ್ದಾರೆ. ಸ್ವಾತಂತ್ರ್ಯದ ನಂತರದವರಾದರೆ ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟ್ ಇದೆ. ಬದುಕಿ ಬಂದವರಾದರೆ ಡಿಸ್ಚಾರ್ಜ್ ಬುಕ್ಕು ಹುಡುಕಿ, ಅದರಲ್ಲಿ ನಂಬರು, ರೆಜಿಮೆಂಟು ಇರುತ್ತೆ, ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬಹುದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ. ಅಜ್ಜಿ ಇನ್ನೂ ಇದ್ದರೆ ಮೊದಲು ಅಜ್ಜಿಯನ್ನು ಕೇಳಿ. ಯುದ್ಧದ ಬಗ್ಗೆ ಕೇಳಬೇಡಿ, ಆ ವರ್ಷ ಮನೆ ಹೇಗೆ ನಡೀತು ಅಂತ ಕೇಳಿ.

ಬುಕ್ಕೂ ಇಲ್ಲ, ಮೆಡಲ್ ಮಾತ್ರ ಇದೆ. ಪಾಲಿಶ್ ಮಾಡಿಸಲಾ?

ಬೇಡ! ಮೊದಲು ಅಂಚು ನೋಡಿ. ನಾಣ್ಯದ ಹಾಗೆ ನಿಲ್ಲಿಸಿ ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ. ಸಣ್ಣ ಅಕ್ಷರದಲ್ಲಿ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತಾರೆ. ಬೂತಗನ್ನಡಿ ಇದ್ದರೆ ಒಳ್ಳೇದು. ಆ ನಂಬರಿನಿಂದಲೇ ಉಳಿದದ್ದೆಲ್ಲ ಸಿಗುತ್ತೆ. ಪಾಲಿಶ್ ಮಾಡಿದಷ್ಟೂ ಅದು ಸವೆಯುತ್ತೆ.

ನಮ್ಮ ದೊಡ್ಡಮ್ಮ ದೊಡ್ಡಪ್ಪನ ಮೆಡಲುಗಳನ್ನು ಪ್ರತಿ ವರ್ಷ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರಂತೆ, ದೇವರ ದೀಪ ತಿಕ್ಕಿದ ಹಾಗೆ. ಅದಕ್ಕೇ 1971ರಲ್ಲಿ ಪಶ್ಚಿಮ ಗಡಿಯಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಪದಕದ ಮೇಲೆ ಅವರ ಹೆಸರಿನ ಮೊದಲ ಎರಡು ಅಕ್ಷರ ಈಗ ಕಾಣಲ್ಲ. ನಂಬರ್ ಕಾಣುತ್ತೆ. ಹೆಬ್ಬೆರಳಿಟ್ಟು ಹಿಡಿದುಕೊಳ್ಳುತ್ತಿದ್ದ ಜಾಗ ಅದು ಅಂತ ದೊಡ್ಡಮ್ಮನೇ ತೋರಿಸಿದರು.